‘ಮಾಯಿತು’, ‘ಮಾಯವಾಯಿತು’: ಗಾಯದ ವಿಜ್ಞಾನಕ್ಕೊಂದು ಪದಪಾಠ

ಐಚ್ಛಿಕ ಕನ್ನಡದ ಉತ್ತರಪತ್ರಿಕೆಯೊಂದರಲ್ಲಿ ‘ನಾಯಕನ ಗಾಯ ಮಾಯವಾಯಿತು’ ಎಂಬ ವಾಕ್ಯವನ್ನು ಕಂಡೆ. ‘ಮಾಯಿತು’ ಎಂದಿರಬೇಕಿತ್ತು. ಕೆಂಪು ಗೆರೆ ಎಳೆದು ಮುಂದೆ ಹೋಗಬಹುದಾಗಿತ್ತು. ಆದರೆ ಈ ಎರಡು ರೂಪಗಳ ಅಂತರವೇ ಇಂದಿನ ಜೀವವಿಜ್ಞಾನದ ದೊಡ್ಡ ಪ್ರಶ್ನೆಯೊಂದನ್ನು ಒಳಗೊಂಡಿದೆ. ‘ಮಾಯು’ ಕನ್ನಡದ ಸ್ವಂತ ಧಾತು. ‘ಮಾಯವಾಗು’ ಎಂಬುದು ಸಂಸ್ಕೃತದ ‘ಮಾಯಾ’ದಿಂದ ಬಂದ ‘ಮಾಯ’ಕ್ಕೆ ‘ಆಗು’ ಸೇರಿದ ರೂಪ. ಮಾಯ್ದ ಗಾಯ ಕಲೆ ಉಳಿಸುತ್ತದೆ. ಮಾಯವಾದದ್ದು ಗುರುತನ್ನೂ ಉಳಿಸದು. ಮನುಷ್ಯನ ಚರ್ಮಕ್ಕೆ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಸಾಧ್ಯ.

ಜೋಳ ಕೊಯ್ಯುವಾಗ ಕುಡುಗೋಲು ತಾಗಿದ ಬೆರಳನ್ನೇ ಗಮನಿಸೋಣ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಹಾಲಿಗೆ ಹಾಕುವ ಹೆಪ್ಪಿನ ಮಾತನ್ನೇ ನಮ್ಮ ಹಿರಿಯರು ಇಲ್ಲಿಗೂ ತಂದರು. ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಂಡು, ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹರಡುತ್ತವೆ. ಬಳಿಕ ಬಾವು. ಪಠ್ಯಗಳಲ್ಲಿ ಇದು ‘ಉರಿಯೂತ’: ಉರಿ ಮತ್ತು ಊತ, ನಡುವೆ ಯಕಾರಾಗಮ. ಇದನ್ನು ರೋಗವೆಂದೇ ತಿಳಿಯುವವರು ಬಹಳ. ವಾಸ್ತವವಾಗಿ ಇದು ದುರಸ್ತಿಯ ಆರಂಭ. ಕೆಲವೇ ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಬಂದು ರೋಗಾಣುಗಳ ಮೇಲೆರಗುತ್ತವೆ. ಎರಡು ಮೂರು ದಿನಗಳಲ್ಲಿ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕೋಶಗಳು ಸತ್ತ ಭಾಗವನ್ನು ತಿಂದು, ಹೊಸ ಅಂಗಾಂಶ ಕಟ್ಟುವ ಕೋಶಗಳಿಗೆ ಕರೆ ಕಳಿಸುತ್ತವೆ. ಆಗ ತಳದಿಂದ ಕೆಂಪು, ಹರಳು ಹರಳಾದ ಹೊಸ ಮಾಂಸ ಏಳುತ್ತದೆ. ಅಂಚುಗಳಿಂದ ಚರ್ಮದ ಕೋಶಗಳು ತೆವಳಿ ಬರುತ್ತವೆ.

ಕೊನೆಗೆ ಕಲೆ. ಎಳೆಯ ಚರ್ಮದಲ್ಲಿ ಕೊಲಾಜೆನ್ ನಾರುಗಳು ಬುಟ್ಟಿಯ ಹೆಣಿಗೆಯಂತೆ ಅಡ್ಡಡ್ಡ ಹೆಣೆದಿರುತ್ತವೆ. ಕಲೆಯಲ್ಲಿ ಅವು ಕಣಿಕೆಯ ಸಿವುಡಿನಂತೆ ಒಂದೇ ದಿಕ್ಕಿಗೆ ಮಲಗುತ್ತವೆ. ಈ ಜೋಡಣೆ ತಿಂಗಳುಗಟ್ಟಲೆ ನಡೆದರೂ ಆ ಜಾಗ ಮೊದಲಿನ ಬಲದ ಸುಮಾರು 80 ಶೇಕಡದಷ್ಟನ್ನೇ ಮರಳಿ ಪಡೆಯುತ್ತದೆ. ಅಲ್ಲಿ ಕೂದಲು ಹುಟ್ಟದು, ಬೆವರು ಬಾರದು.

ಇದನ್ನು ಪ್ರಾಚೀನರು ಕಂಡಿದ್ದರು. ಸುಶ್ರುತ ಸಂಹಿತೆ ವ್ರಣಕ್ಕೆ 60 ಉಪಕ್ರಮಗಳನ್ನು ಹೇಳುವಾಗ, ಮಾಯ್ದ ಜಾಗದ ಬಣ್ಣವನ್ನು ಸರಿಪಡಿಸಲು, ಕೂದಲು ಬರಿಸಲು ಬೇರೆಬೇರೆ ಚಿಕಿತ್ಸೆಗಳನ್ನೇ ಸೇರಿಸಿದೆ. ಮಾಯುವುದೇ ಮೊದಲಿನಂತಾಗುವುದಲ್ಲ ಎಂಬ ಅರಿವು ಅದರಲ್ಲಿದೆ. ಅಲ್ಲಿ ಮಾಯ್ದ ಗಾಯ ‘ರೂಢವ್ರಣ’. ನೀವು ವ್ಯಾಕರಣದಲ್ಲಿ ಓದುವ ‘ರೂಢನಾಮ’ದ ರೂಢವೂ ಅದೇ, ಬೆಳೆದು ನೆಲೆಗೊಂಡದ್ದು ಎಂದರ್ಥ.

‘ಮಾಯವಾಗುವ’ ಗಾಯ ಎಲ್ಲಿದೆ? ಹಲ್ಲಿಯ ಬಾಲವನ್ನು ಎಲ್ಲರೂ ಹೆಸರಿಸುತ್ತಾರೆ. ಅದು ಅರ್ಧ ಸತ್ಯ: ಹೊಸ ಬಾಲದಲ್ಲಿ ಬೆನ್ನೆಲುಬಿನ ಮಣಿಗಳಿಲ್ಲ, ಮೃದ್ವಸ್ಥಿಯ ಕೊಳವೆಯಷ್ಟೇ. ಸಲಮಾಂಡರ್ ಮಾತ್ರ ಕಾಲನ್ನು ಮೂಳೆಸಹಿತ ಮರಳಿ ಬೆಳೆಸಿಕೊಳ್ಳುತ್ತದೆ. ಮನುಷ್ಯರಲ್ಲಿಯೂ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಚರ್ಮ ಕಲೆಯಿಲ್ಲದೆ ಕೂಡುತ್ತದೆ; ಆ ಶಕ್ತಿ ಹುಟ್ಟುವ ಮೊದಲೇ ಕಳೆದುಹೋಗುತ್ತದೆ. ಅದನ್ನು ಮರಳಿ ಎಬ್ಬಿಸುವುದು ಹೇಗೆಂಬುದೇ ಪುನರುತ್ಪತ್ತಿ ವಿಜ್ಞಾನದ ಹುಡುಕಾಟ.

ಮನೆಯ ಮಾತು ಎಲ್ಲೆಡೆಯೂ ಸರಿಯೆಂದಲ್ಲ. ‘ಗಾಳಿಗೆ ಬಿಡು, ಹಕ್ಕಳೆ ಕಟ್ಟಲಿ’ ಎಂಬುದು ನಮ್ಮ ಕಡೆಯ ನಿತ್ಯದ ಸಲಹೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲಿನ ಪ್ರಯೋಗದಲ್ಲಿ, ತೇವ ಆರದಂತೆ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುವುದನ್ನು ತೋರಿಸಿದ. ಗಟ್ಟಿ ಹಕ್ಕಳೆಯಿದ್ದರೆ ಕೋಶಗಳು ಅದರಡಿ ದಾರಿ ಕೊರೆಯಬೇಕಾಗುತ್ತದೆ. ತೊಳೆದು, ಶುಚಿಯಾದ ಬಟ್ಟೆಯಿಂದ ಮುಚ್ಚುವುದೇ ಲೇಸು. ಮಣ್ಣು, ಸಗಣಿ ಮೆತ್ತುವುದಂತೂ ಧನುರ್ವಾಯುವಿಗೆ ಬಾಗಿಲು ತೆರೆದಂತೆ.

‘ಮಾಯದ ಹುಣ್ಣು’ ಎಂಬ ಮಾತನ್ನು ಕಾವ್ಯದಲ್ಲಿ ರೂಪಕವೆಂದು ವಿವರಿಸುತ್ತೇವೆ. ಸಕ್ಕರೆ ಕಾಯಿಲೆಯವರಿಗೆ ಅದು ರೂಪಕವಲ್ಲ. ಅವರ ಗಾಯ ಬಾವಿನ ಹಂತದಲ್ಲೇ ತಡೆದು ನಿಲ್ಲಬಹುದು. ನರಗಳು ಮಂದವಾಗಿ ನೋವೂ ತಿಳಿಯದು. ಜಾಲಿಮುಳ್ಳು ನೆಟ್ಟ ಅಂಗಾಲಿನಲ್ಲೇ ಹೊಲ ಸುತ್ತಿಬರುವ ಅಜ್ಜ ನಮ್ಮ ಯಾವ ಊರಲ್ಲಿಲ್ಲ? ನೋವಿಲ್ಲವೆಂಬುದು ಅಲ್ಲಿ ಶುಭಸೂಚನೆಯಲ್ಲ. ದಿನವೂ ಅವರ ಅಂಗಾಲನ್ನು ನೋಡುವವರು ಬೇಕು. ಹುಣ್ಣು ಕಂಡರೆ ವೈದ್ಯರಲ್ಲಿಗೆ ತಡಮಾಡದೆ ಒಯ್ಯಬೇಕು.

ಮುಂದಿನ ತರಗತಿಗೆ ಒಂದು ಕೆಲಸ. ಹಳಗನ್ನಡದ ‘ಪುಣ್’ ನಮ್ಮ ‘ಹುಣ್ಣು’ ಆದದ್ದು ನಿಮಗೆ ಗೊತ್ತು. ನೆರೆಯ ಮರಾಠಿಯ ‘ಜಖಮ’ವೂ ಜತ್ತ ತಾಲ್ಲೂಕಿನ ಕನ್ನಡದಲ್ಲಿ ಓಡಾಡುತ್ತದೆ. ಹಕ್ಕಳೆಗೆ ಮರಾಠಿಯಲ್ಲಿ ‘ಖಪಲಿ’. ಸಂಖ, ಉಮದಿ ಕಡೆಯಿಂದ ಬರುವವರು ಬಾವು, ಕೀವು, ಹಕ್ಕಳೆ, ಕಲೆ ಇವಕ್ಕೆ ನಿಮ್ಮ ಮನೆಯ ಹಿರಿಯರು ಬಳಸುವ ಮಾತುಗಳನ್ನು, ಅವರು ಆಡಿದ ವಾಕ್ಯಸಹಿತ, ಬರೆದು ತನ್ನಿ. ಕೇಳುವಾಗ ಅಜ್ಜನ ಅಂಗಾಲನ್ನೂ ಒಮ್ಮೆ ನೋಡಿ ಬನ್ನಿ.