ಮರಳಿನ ಮನೆ ಕಟ್ಟುವ ಹುಳು

ಕಡಲ ಕಿನಾರೆಯಲ್ಲಿ ನೀವು ಹೊಯಿಗೆಯ ಮನೆ ಕಟ್ಟಿದ್ದೀರಾ? ಎಷ್ಟು ಜಾಗ್ರತೆಯಿಂದ ಕಟ್ಟಿದರೂ ಒಂದು ತೆರೆ ಬಂದರೆ ಸಾಕು, ಮನೆ ನೀರುಪಾಲು. ಆದರೆ ತೆರೆಗಳು ಬಡಿಯುವ ಜಾಗದಲ್ಲೇ ಮರಳಿನ ಮನೆ ಕಟ್ಟಿ ಬಾಳುವ ಹುಳುವೊಂದಿದೆ. ಅದರ ಮನೆ ಕರಗುವುದಿಲ್ಲ!

ಈ ಹುಳು ಇರುವುದು ಬಹು ದೂರದಲ್ಲಿ, ಅಮೇರಿಕದ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ. ಅಲ್ಲಿ ಇದಕ್ಕೆ ‘ಮರಳುಕೋಟೆಯ ಹುಳು’ ಎಂದು ಹೆಸರು. ಉದ್ದ ಕೆಲವೇ ಸೆಂಟಿಮೀಟರ್. ಎಲುಬಿಲ್ಲ, ಚಿಪ್ಪಿಲ್ಲ, ಮೈ ಬಲು ಮೆತ್ತಗೆ. ಹೊರಗೆ ಬಂದರೆ ಮೀನಿಗೆ ತುತ್ತಾದೀತು. ಕಡಲು ಇಳಿದಾಗ ಬಿಸಿಲಿಗೆ ಒಣಗೀತು. ಆದುದರಿಂದ ಅದಕ್ಕೆ ಮನೆ ಬೇಕೇ ಬೇಕು.

ಬಂಡೆಗೆ ಅಂಟಿಕೊಂಡ ಕೊಳವೆಯೇ ಆ ಮನೆ. ಹುಳುವಿನ ತಲೆಯ ಬಳಿ ನೂಲಿನಂತಹ ಎಳೆಗಳಿವೆ. ತೆರೆ ಹೊತ್ತು ತರುವ ಮರಳಿನ ಕಣಗಳನ್ನು ಇವು ಹಿಡಿದು ಬಾಯಿಯ ಹತ್ತಿರ ತರುತ್ತವೆ. ಅಲ್ಲಿ ಪರೀಕ್ಷೆ ನಡೆಯುತ್ತದೆ. ತೀರಾ ದೊಡ್ಡ ಕಣ ಬೇಡ, ತೀರಾ ಚಿಕ್ಕದೂ ಬೇಡ. ಹೊಂದುವ ಕಣಕ್ಕೆ ಕೆಲವು ಚುಕ್ಕೆ ಅಂಟು ಹಚ್ಚಿ ಕೊಳವೆಯ ಅಂಚಿನಲ್ಲಿ ಇಡುತ್ತದೆ. ಇಟ್ಟು ಸುಮ್ಮನಾಗುವುದಿಲ್ಲ, ಸುಮಾರು ಅರ್ಧ ನಿಮಿಷ ಹಿಡಿದು, ಅಲುಗಾಡಿಸಿ ನೋಡುತ್ತದೆ. ಅಂಟಿತು ಎಂದಾದ ಮೇಲೆಯೇ ಮುಂದಿನ ಕಣ. ಮೇಸ್ತ್ರಿಯವರು ಕಲ್ಲು ಕೂರಿಸಿ ತಟ್ಟಿ ನೋಡುವುದಿಲ್ಲವೇ, ಹಾಗೆ!

ಸಾವಿರಾರು ಹುಳುಗಳು ಒತ್ತೊತ್ತಾಗಿ ಮನೆ ಕಟ್ಟಿದಾಗ ಬಂಡೆಯ ಮೇಲೆ ದೊಡ್ಡ ಜೇನುಗೂಡು ಇದ್ದಂತೆ ಕಾಣುತ್ತದೆ. ನೀರು ಏರಿದಾಗ ಎಳೆಗಳನ್ನು ಹೊರಚಾಚಿ ತೇಲಿ ಬರುವ ಆಹಾರವನ್ನು ಹಿಡಿಯುತ್ತವೆ. ನೀರು ಇಳಿದಾಗ ಒಳಸರಿದು ಬಾಗಿಲು ಮುಚ್ಚುತ್ತವೆ. ಹೌದು, ತಲೆಯ ತುದಿಯೇ ಬಾಗಿಲು!

ಎಲ್ಲಕ್ಕಿಂತ ಸೋಜಿಗ ಆ ಅಂಟಿನದು. ಕಾಗದಕ್ಕೆ ನಾವು ಹಚ್ಚುವ ಗೋಂದು ನೀರು ತಾಗಿದರೆ ಬಿಟ್ಟುಹೋಗುತ್ತದೆ. ಹುಳುವಿನ ಅಂಟಾದರೋ ಮೈಯೊಳಗೆ ಇರುವಾಗ ಗಟ್ಟಿಯಾಗದು, ಕಡಲ ನೀರು ತಾಗಿದರೆ ಗಟ್ಟಿಯಾಗುತ್ತದೆ. ಕೆಲವು ಗಂಟೆಗಳಲ್ಲಿ ಚರ್ಮದಂತೆ ಬಲವಾಗುತ್ತದೆ.

ಅಮೇರಿಕದ ಯೂಟಾ ವಿಶ್ವವಿದ್ಯಾಲಯದ ವಿಜ್ಞಾನಿ ರಸೆಲ್ ಸ್ಟೀವರ್ಟ್ ಮತ್ತು ಅವರ ಸಂಗಡಿಗರು ಈ ಹುಳುಗಳನ್ನು ಸಾಕಿ ನೋಡಿದರು. ಕೊಳವೆಯ ತುದಿ ಮುರಿದು, ಮರಳಿನ ಬದಲು ಗಾಜಿನ ಸಣ್ಣ ಮಣಿಗಳನ್ನು ಕೊಟ್ಟರು. ಹುಳು ಅವುಗಳಿಂದಲೇ ಮನೆ ರಿಪೇರಿ ಮಾಡಿತು! ಇದನ್ನು ನೋಡಿ ಕಲಿತು ಅವರು ಅಂತಹುದೇ ಅಂಟೊಂದನ್ನು ತಯಾರಿಸಿ 2009ರಲ್ಲಿ ಪ್ರಕಟಿಸಿದರು. ಮುರಿದ ಎಲುಬಿನ ಚೂರುಗಳನ್ನು ಜೋಡಿಸುವ ಅಂಟು ಬೇಕೆಂಬುದು ಅವರ ಆಸೆ. ನಮ್ಮ ಮೈಯೊಳಗೂ ಯಾವಾಗಲೂ ನೀರಿನ ಪಸೆ ಇರುತ್ತದಲ್ಲವೇ?

ಹೇಳಿರಿ, ಬರೆಯಿರಿ
● ಈ ಹುಳುವಿಗೆ ಮನೆ ಏಕೆ ಬೇಕು?
● ಮರಳಿನ ಕಣವನ್ನು ಇಟ್ಟ ಮೇಲೆ ಹುಳು ಏನು ಮಾಡುತ್ತದೆ?
● ನಿಮ್ಮ ಮನೆಯ ಸುತ್ತ ಮಣ್ಣಿನಿಂದ ಗೂಡು ಕಟ್ಟುವ ಜೀವಿ ಯಾವುದು? ಗಮನಿಸಿ, ಚಿತ್ರ ಬಿಡಿಸಿರಿ.