ಬ್ಲೇಡ್‌ಗೆ ಅವಸರ ಬೇಡ

ಪ್ರಶ್ನೆ: ಬೆಂಗಳೂರಿನಲ್ಲಿ ಗಾಲ್ಫ್ ಆಡುತ್ತೇನೆ, ಬಲಗೈ ಆಟಗಾರ. ಹ್ಯಾಂಡಿಕ್ಯಾಪ್ 24ರಿಂದ 13ಕ್ಕೆ ಇಳಿದಿದೆ. ಹಳೆಯ ದಪ್ಪ ತಲೆಯ ಐರನ್‌ಗಳಿಂದ ಹೊಡೆದರೆ ಈಚೆಗೆ ಚೆಂಡು ಎಡಕ್ಕೇ ಹೋಗುತ್ತಿದೆ. ಬ್ಲೇಡ್ ಸೆಟ್ ಕೊಳ್ಳಲೇ? ಮೊಣಕೈಯೂ ನೋಯುತ್ತಿದೆ.

ಉತ್ತರ: ಬ್ಲೇಡ್ ಬೇಡ. ಚೆಂಡನ್ನು ಪ್ರತಿಸಲವೂ ತಲೆಯ ನಡುವೆ ತಾಗಿಸುವವರಿಗೆ ಅದು. ನಿಮ್ಮ ಮಟ್ಟಕ್ಕೆ ಹಿಂಬದಿ ಟೊಳ್ಳಾಗಿರುವ, ತುಸು ಚಿಕ್ಕ ತಲೆಯ ಫೋರ್ಜ್ಡ್ ಐರನ್ ಸರಿ. 4, 5ನೇ ಐರನ್ ಮಾತ್ರ ದಪ್ಪ ತಲೆಯದ್ದೇ ಇರಲಿ. ಮಿಶ್ರ ಸೆಟ್ ಅಂದರೆ ನಾಚಿಕೆಪಡಬೇಕಿಲ್ಲ.

ಕೊಳ್ಳುವ ಮೊದಲು ಹಳೆಯ 7ನೇ ಐರನ್ನಿನ ಅಡಿಗೆ ಟೇಪ್ ಅಂಟಿಸಿ, ಫಿಟ್ಟರ್‌ನ ಲೈ ಬೋರ್ಡಿನ ಮೇಲಿಂದ ಹೊಡೆಯಿರಿ. ಗುರುತು ಶಾಫ್ಟ್ ಕಡೆಯ ತುದಿಯಲ್ಲಿ ಬಿದ್ದರೆ ಕ್ಲಬ್ ನಿಮಗೆ ತೀರಾ ನೆಟ್ಟಗಿದೆ. ಚೆಂಡು ಎಡಕ್ಕೆ ಹೋಗಲು ಅದೂ ಒಂದು ಕಾರಣ. ವೇಗ ಹೆಚ್ಚಿದ್ದರೆ ಶಾಫ್ಟ್ ಮೆದುವಾಗಿರಲೂಬಹುದು. ಇವೆರಡನ್ನು ಸರಿಪಡಿಸಿದರೆ ಹೊಸ ಸೆಟ್ಟೇ ಬೇಡವಾದೀತು, ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ಲಾಂಚ್ ಮಾನಿಟರ್ ಮುಂದೆ ಅತಿ ದೂರ ಹೋದ ಹೊಡೆತಕ್ಕೆ ಮರುಳಾಗಬೇಡಿ. ಕೆಲವು 7ನೇ ಐರನ್‌ಗಳ ಲಾಫ್ಟ್ 28 ಡಿಗ್ರಿ, ಸಾಂಪ್ರದಾಯಿಕ ಬ್ಲೇಡಿನದು ಸುಮಾರು 34. ಲಾಫ್ಟ್ ಕಡಿಮೆಯಿದ್ದರೆ ಚೆಂಡು ಹೇಗೂ ದೂರ ಹೋಗುತ್ತದೆ. ಹಾಗಾಗಿ ಚೆಂಡು ಇಳಿಯುವ ಕೋನ, ಹತ್ತು ಹೊಡೆತಗಳ ನಡುವಿನ ಅಂತರ ನೋಡಿ. ಪಿಚಿಂಗ್ ವೆಡ್ಜ್‌ನ ಲಾಫ್ಟ್ ಬದಲಾದರೆ ಉಳಿದ ವೆಡ್ಜ್‌ಗಳ ಲೆಕ್ಕವೂ ಬದಲಾಗುತ್ತದೆ.

ಮೊಣಕೈ ನೋವು ಎರಡು ವಾರದಲ್ಲಿ ಇಳಿಯದಿದ್ದರೆ, ಅಥವಾ ಬೆರಳು ಜೋಮು ಹಿಡಿದರೆ ಮೂಳೆ ವೈದ್ಯರನ್ನು ಕಾಣಿ. ಫಿಟ್ಟಿಂಗ್ ಆಮೇಲೆ, ನೋವಿನ ಕೈಯ ಸ್ವಿಂಗ್‌ಗೆ ಅಳತೆ ತೆಗೆಸಬೇಡಿ.