ಬೇರೆಯವರ ಮನೆಯೊಳಗೆ ಕೆಲಸಕ್ಕೆ ಇಳಿಯುವಾಗ

ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮಾಡು ಸೋರುತ್ತದೆ, ಅಡುಗೆಮನೆ ಸಾಲದು, ವಯಸ್ಸಾದ ತಾಯಿಗೆ ಹೊರಗಿನ ಬಚ್ಚಲಿಗೆ ನಡೆದುಹೋಗಲು ಆಗುವುದಿಲ್ಲ. ಆಗ ಇದ್ದ ಮನೆಯನ್ನೇ ಸರಿಪಡಿಸಿಕೊಳ್ಳೋಣ ಎಂದು ಕುಟುಂಬ ತೀರ್ಮಾನಿಸುತ್ತದೆ. ಕರಾವಳಿಯಲ್ಲಿ ಇದೇ ಕೆಲಸವನ್ನು ನಂಬಿ ಬದುಕುವ ಮೇಸ್ತ್ರಿಗಳೂ ಸಣ್ಣ ಗುತ್ತಿಗೆದಾರರೂ ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಅವರು ಬಾಳಿ ಬೆಳೆಯುವುದು ಒಂದು ಮನೆಯವರು ಇನ್ನೊಂದು ಮನೆಯವರಿಗೆ ಹೇಳುವ ಮಾತಿನಿಂದ.

ಖಾಲಿ ನಿವೇಶನದಲ್ಲಿ ಹೊಸ ಮನೆ ಕಟ್ಟುವಾಗ ಕೆಲಸಗಾರನಿಗೆ ಎದುರಾಗುವುದು ಕಲ್ಲು, ಮರಳು, ಸಿಮೆಂಟು ಮಾತ್ರ. ದುರಸ್ತಿಯ ಮನೆಯಲ್ಲಿ ಜನ ವಾಸವಾಗಿರುತ್ತಾರೆ. ಪರೀಕ್ಷೆಗೆ ಓದುವ ಮಗು, ದೇವರ ಪೀಠದ ಮುಂದೆ ಜಪಸರ ಹಿಡಿದು ಕೂರುವ ಅಜ್ಜಿ, ಒಲೆಯ ಮೇಲಿನ ಅನ್ನ ಎಲ್ಲವೂ ಅಲ್ಲೇ ಇರುತ್ತದೆ. ನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನಿಲ್ಲುತ್ತದೆ, ಧೂಳು ಬಾರದಂತೆ ಯಾವ ಬಾಗಿಲಿಗೆ ಪರದೆ ಕಟ್ಟುತ್ತೇವೆ, ಕೆಲಸದವರು ಯಾವ ಶೌಚಾಲಯ ಬಳಸಬೇಕು ಎಂಬುದನ್ನು ಹಿಂದಿನ ಸಂಜೆಯೇ ಮನೆಯಾಕೆಗೆ ತಿಳಿಸುವವನು ಅರ್ಧ ನಂಬಿಕೆಯನ್ನು ಆಗಲೇ ಗಳಿಸಿರುತ್ತಾನೆ. ನಮ್ಮಲ್ಲಿ ಈ ಮಾತೆಲ್ಲ ಗಂಡಸರ ನಡುವೆಯೇ ಮುಗಿದುಹೋಗುತ್ತದೆ. ಕಷ್ಟ ಅನುಭವಿಸುವವಳು ಮಾತ್ರ ಅಡುಗೆಮನೆಯಲ್ಲಿರುತ್ತಾಳೆ.

ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದಿನಿಂದ ಎಷ್ಟೋ ಮನೆಗಳ ಮೇಲೆ ಹಂಚು ಕುಳಿತಿದೆ. ಹಂಚು ಗಟ್ಟಿಯಾಗಿಯೇ ಇರಬಹುದು, ಅದರ ಕೆಳಗಿನ ರೀಪು, ಪಕ್ಕಾಸುಗಳನ್ನು ಗೆದ್ದಲು ತಿಂದಿರುವುದು ಹಂಚು ಇಳಿಸಿದ ಮೇಲಷ್ಟೇ ಕಾಣುತ್ತದೆ. ನಾಲ್ಕು ಪಕ್ಕಾಸು ಬದಲಿಸಿದರೆ ಸಾಕು ಎಂದು ಅಂದಾಜು ಬರೆದಿದ್ದವನಿಗೆ ಈಗ ಹನ್ನೆರಡು ಬೇಕು. ನಂಬಿಕೆ ಮುರಿಯುವುದು ಸಾಮಾನ್ಯವಾಗಿ ಇಲ್ಲಿಯೇ. ಕೆಲಸ ಮುಗಿಸಿ ಕೊನೆಯ ಬಿಲ್ಲಿನಲ್ಲಿ ಸೇರಿಸಿದರೆ, ಖರ್ಚು ನಿಜವಾದದ್ದೇ ಆಗಿದ್ದರೂ ಮನೆಯವರಿಗೆ ಅದು ಮೋಸದಂತೆ ಕಾಣುತ್ತದೆ. ಹಂಚು ಇಳಿಸಿದ ದಿನವೇ ಯಜಮಾನರನ್ನು ಕರೆದು, ಏಣಿ ಹತ್ತಿಸಿ ಇಲ್ಲವೇ ಫೋಟೋ ತೆಗೆದು ತೋರಿಸಿ, ಹೆಚ್ಚುವರಿ ಎಷ್ಟಾಗುತ್ತದೆ ಎಂದು ಬರೆದುಕೊಟ್ಟು, ಅವರು ಒಪ್ಪಿದ ಮೇಲೆ ಮರ ತರಿಸಬೇಕು. ಅಂದಾಜು ಪಟ್ಟಿಯಲ್ಲೇ "ತೆರೆದ ಮೇಲೆ ಕಂಡುಬರುವ ಕೆಲಸ" ಎಂದೊಂದು ಸಾಲು ಮೊದಲೇ ಬರೆದಿಡುವುದು ಇನ್ನೂ ಒಳ್ಳೆಯದು.

ಹಣದ ವಿಷಯಕ್ಕೆ ಬರೋಣ. ಈ ವ್ಯಾಪಾರವನ್ನು ಒಳಗಿನಿಂದ ತಿನ್ನುವ ರೋಗವೊಂದಿದೆ: ಒಂದು ಮನೆಯ ಮುಂಗಡದಿಂದ ಇನ್ನೊಂದು ಮನೆಯ ಸಾಮಾನು ಕೊಳ್ಳುವುದು. ಹಾಗೆ ಮಾಡುವವರೆಲ್ಲ ಕಳ್ಳರಲ್ಲ. ಹಿಂದಿನ ಮನೆಯವರು ಬಾಕಿ ಕೊಟ್ಟಿರುವುದಿಲ್ಲ, ಶನಿವಾರ ಕೂಲಿ ಕೊಡಬೇಕು, ಕೈಯಲ್ಲಿ ಹೊಸ ಮುಂಗಡ ಇದೆ. ಆದರೆ ಒಮ್ಮೆ ಹಾಗೆ ತಿರುಗಿಸಿದವನು ಮುಂದಿನ ಮುಂಗಡಕ್ಕಾಗಿ ಮತ್ತೊಂದು ಮನೆ ಹಿಡಿಯಲೇಬೇಕು. ಕೊನೆಗೆ ಮೂರು ಮನೆ ತೆರೆದುಬಿದ್ದಿರುತ್ತವೆ, ಜೂನ್ ಬಂದಿರುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ಮಾಡಿಲ್ಲದ ಮನೆ ಎಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ, ಲೆಕ್ಕ ಹಾಕದೆ ಗೋಪುರ ಕಟ್ಟಹೊರಟು ಅರ್ಧಕ್ಕೆ ನಿಂತವನನ್ನು ಪ್ರಭು ಯೇಸು ನೆನಪಿಸುತ್ತಾರೆ. ಅಲ್ಲಿ ನಗೆಪಾಟಲಾದವನು ಕಟ್ಟಿಸುವವನು. ನಮ್ಮಲ್ಲಿ ಕಟ್ಟುವವನೂ ಆ ಲೆಕ್ಕಕ್ಕೆ ಬಾಧ್ಯ.

ಪ್ರತಿ ಮನೆಗೂ ಬೇರೆ ಪುಸ್ತಕ ಇಡಿ. ಆದರೆ ಬೇರೆ ಬ್ಯಾಂಕ್ ಖಾತೆಯನ್ನೂ ಇಡಿ. ಕಂತುಗಳನ್ನು ತಾರೀಖಿಗಲ್ಲ, ಕೆಲಸಕ್ಕೆ ಕಟ್ಟಿ: ಮರ ಬಂದಾಗ ಇಷ್ಟು, ಮಾಡು ಮುಚ್ಚಿದಾಗ ಇಷ್ಟು, ಗಿಲಾವು ಮುಗಿದಾಗ ಇಷ್ಟು. ಮನೆಯವರಿಗೂ ಒಂದು ಮಾತು. ಒಪ್ಪಿದ ಕಂತನ್ನು ಹಿಡಿದಿಟ್ಟು ಮೇಸ್ತ್ರಿಯನ್ನು ಅಲೆಸುವ ನೀವೇ ಅವನನ್ನು ಈ ಸುಳಿಗೆ ತಳ್ಳುತ್ತೀರಿ.

ಇನ್ನು, ಇಲ್ಲ ಎನ್ನುವ ಧೈರ್ಯ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಕೆಂಪುಕಲ್ಲಿನ ಗೋಡೆಯ ಮೇಲೆ ತಾರಸಿ ಹಾಕಿಕೊಡಿ ಎಂದು ಕೇಳುವವರಿದ್ದಾರೆ. ಎಂಜಿನಿಯರ್ ಬಂದು ಅಡಿಪಾಯ, ಗೋಡೆ ನೋಡದೆ ಒಪ್ಪುವುದು ಆ ಮನೆಯ ಮಕ್ಕಳ ತಲೆಯ ಮೇಲೆ ಭಾರ ಹೇರಿದಂತೆ. ಕೆಲಸ ಪಕ್ಕದ ಗುತ್ತಿಗೆದಾರನಿಗೆ ಹೋಗಬಹುದು; ಹೋಗಲಿ. ದಿನಗಳ ವಿಷಯದಲ್ಲೂ ಹಾಗೆಯೇ. ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು, ಹೊಸ ಗಿಲಾವು ಒಣಗದೆ ಬಣ್ಣ ನಿಲ್ಲುವುದಿಲ್ಲ. ಇದೆಲ್ಲ ಗೊತ್ತಿದ್ದೂ "ಹದಿನೈದು ದಿನದಲ್ಲಿ ಮುಗಿಸುತ್ತೇನೆ" ಎನ್ನುವುದು ಕೆಲಸ ಹಿಡಿಯಲು ಹೇಳುವ ಸುಳ್ಳು.

ಕೂಲಿಯವರನ್ನೂ ಮರೆಯಬೇಡಿ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅವರು ದುಡಿದದ್ದಕ್ಕೆ ಪತ್ರ ಬರೆದುಕೊಡಲು ಹಿಂಜರಿಯುವ ಯಜಮಾನನನ್ನು ಅವರೇ ನಂಬುವುದಿಲ್ಲ. ನಂಬದವರ ಕೈಕೆಲಸ ಗೋಡೆಯಲ್ಲಿ ಕಾಣುತ್ತದೆ.

ಕೆಲಸ ಮುಗಿದ ದಿನ ಇಳಿಸಿದ ಹಲಸಿನ ದಾರಂದ, ಉಳಿದ ಹಂಚು, ಬಳಸದ ಸಿಮೆಂಟಿನ ಚೀಲ ಇವನ್ನೆಲ್ಲ ಎಣಿಸಿ ಮನೆಯವರಿಗೆ ಒಪ್ಪಿಸಿ. ಅವೆಲ್ಲ ಅವರವೇ. ಕೊನೆಯ ಕಂತಿನಲ್ಲಿ ಒಂದು ಸಣ್ಣ ಪಾಲನ್ನು ಮೊದಲ ದೊಡ್ಡ ಮಳೆಯವರೆಗೆ ಅವರ ಬಳಿಯೇ ಬಿಡಿ. ಮಳೆ ಬಂದ ಮರುದಿನ ಕರೆಯದಿದ್ದರೂ ಹೋಗಿ, ಮಾಡಿನ ಕೆಳಗೆ ನಿಂತು ತಲೆಯೆತ್ತಿ ನೋಡಿ ಬನ್ನಿ.